ಎರೆಯ ನಾಡಿನ ಗದಗ: ಹೊಲ, ಪೇಟೆ, ಮಠ

ಗದಗ ಎಂದೊಡನೆ ನಮ್ಮ ಜನರಿಗೆ ಮೊದಲು ನೆನಪಾಗುವವನು ವೀರನಾರಾಯಣನ ಗುಡಿಯ ಕುಮಾರವ್ಯಾಸ. ಅನಂತರ ತ್ರಿಕೂಟೇಶ್ವರನ ಕಲ್ಲಿನ ಕೆತ್ತನೆ, ಅದರ ಬೆನ್ನಿಗೇ ಪಂಡಿತ ಭೀಮಸೇನ ಜೋಶಿಯವರ ಕಂಠ. ಇವೆಲ್ಲ ಆ ಊರಿಗೆ ಸಲ್ಲಬೇಕಾದ ಕೀರ್ತಿಯೇ ಸರಿ. ಆದರೆ ಗದಗ ಇಷ್ಟೊಂದು ಕವಿ, ಗವಾಯಿ, ಗ್ರಂಥಗಳನ್ನು ಸಾಕಿದ ಬಗೆ ಹೇಗೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಇದು ರಾಜಧಾನಿಯಾಗಿದ್ದ ಊರಲ್ಲ. ದೊಡ್ಡ ನದಿಯ ದಂಡೆಯ ಮೇಲೂ ಇಲ್ಲ. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿ ಅವಳಿ ನಗರದ ಜನಸಂಖ್ಯೆ 1,72,612. ಅರವತ್ತು ಕಿಲೋಮೀಟರಿನ ಒಳಗೇ ಇರುವ ಹುಬ್ಬಳ್ಳಿಯ ಮುಂದೆ ಇದು ಚಿಕ್ಕ ಪಟ್ಟಣವೇ. ಹೀಗಿದ್ದೂ ಇಲ್ಲಿ ದಾಸೋಹದ ಒಲೆ ಆರಿಲ್ಲ. ಇದರ ಉತ್ತರ ಊರೊಳಗೆ ಸಿಗುವುದಿಲ್ಲ. ಊರು ಮುಗಿದು ಹೊಲ ಆರಂಭವಾಗುವಲ್ಲಿ ಸಿಗುತ್ತದೆ. ಆದ್ದರಿಂದ ನಾವು ಅಲ್ಲಿಂದಲೇ ಆರಂಭಿಸುತ್ತೇವೆ.

ಗದಗಿನ ಸುತ್ತಲಿನ ನೆಲ ಬಹುಪಾಲು ಎರೆ. ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವ, ಮಳೆ ಬಿದ್ದರೆ ಮೆಟ್ಟಿದ ಕಾಲನ್ನು ಬಿಡದ ಕರಿಯ ಮಣ್ಣು. ಮಳೆಯೋ ಅಷ್ಟಕ್ಕಷ್ಟೆ. ಮುಂಗಾರಿನಲ್ಲಿ ಹೆಸರು, ಶೇಂಗಾ, ಉಳ್ಳಾಗಡ್ಡಿ, ಹತ್ತಿ, ಮೆಣಸಿನಕಾಯಿ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬಿ, ಗೋದಿ. ಹಿಂಗಾರಿ ಜೋಳದ ವಿಶೇಷವನ್ನು ಬಯಲುಸೀಮೆಯ ಹೊರಗಿನ ನಮ್ಮ ಓದುಗರಿಗೆ ತಿಳಿಸಬೇಕು. ಕೂರಿಗೆ ಹೂಡಿ ಬಿತ್ತಿದ ಮೇಲೆ ಆ ಪೈರಿಗೆ ಮಳೆ ಬರಬಹುದು, ಬಾರದೆಯೂ ಇರಬಹುದು. ಎರೆ ತನ್ನ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡ ತೇವ, ಚಳಿಗಾಲದ ಇಬ್ಬನಿ ಇಷ್ಟರಲ್ಲೇ ಅದು ತೆನೆಯಾಗಬೇಕು. ಹೀಗೆ ಬಂದ ಜೋಳವನ್ನು ಹಿಂದಿನವರು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಬರ ಬಂದಾಗ ಆ ಹಗೇವು ತೆರೆಯುತ್ತಿತ್ತು. ತನ್ನ ಮನೆಗೆ ಮಾತ್ರವಲ್ಲ, ಓಣಿಗೂ ಮಠಕ್ಕೂ ಅಳೆದು ಕೊಡುತ್ತಿದ್ದ ಒಕ್ಕಲಿಗನ ಹೆಸರು ಹಳ್ಳಿಗಳಲ್ಲಿ ಮೂರು ತಲೆಮಾರು ಉಳಿಯುತ್ತಿತ್ತು. ದಾಸೋಹವೆಂಬ ದೊಡ್ಡ ಮಾತಿನ ತಳದಲ್ಲಿ ಹೀಗೆ ಒಂದು ಜೋಳದ ಹಗೇವು ಇರುತ್ತದೆ ಎಂಬುದನ್ನು ಮರೆತು ನಾವು ಉಪನ್ಯಾಸ ಮಾಡುವುದು ಹೆಚ್ಚಾಗಿದೆ.

ಶರಣರ ಕಾಲದಲ್ಲೂ ಈ ನೆಲಕ್ಕೆ ಒಕ್ಕಲುತನದ ನಂಟಿತ್ತು. ಗದಗಿನಿಂದ ಹನ್ನೆರಡು ಕಿಲೋಮೀಟರ್ ಆಸುಪಾಸಿನಲ್ಲಿರುವ ಲಕ್ಕುಂಡಿಯನ್ನು ಪ್ರವಾಸಿಗರು ಗುಡಿಗಳಿಗಾಗಿಯೂ ಬಾವಿಗಳಿಗಾಗಿಯೂ ನೋಡಹೋಗುತ್ತಾರೆ. 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಅಲ್ಲಿದೆ. ನಮ್ಮ ಮನೆಗಳವರಿಗೆ ಅದು ಅಜಗಣ್ಣ ಮತ್ತು ಮುಕ್ತಾಯಕ್ಕನ ಊರು. ಅಜಗಣ್ಣ ಒಕ್ಕಲುತನದ ಕಾಯಕದವನು, ಭಕ್ತಿಯನ್ನು ಹೊರಗೆ ತೋರದೆ ಗುಪ್ತವಾಗಿ ನಡೆಸಿದವನು ಎಂದು ಪ್ರತೀತಿ. ಅಣ್ಣ ಲಿಂಗೈಕ್ಯನಾದ ಮೇಲೆ ದುಃಖದಲ್ಲಿ ಮುಳುಗಿದ ಮುಕ್ತಾಯಕ್ಕನ ಮುಂದೆ ಅಲ್ಲಮಪ್ರಭುಗಳು ಬಂದು ನಿಲ್ಲುವ ಪ್ರಸಂಗವನ್ನು ಶೂನ್ಯಸಂಪಾದನೆ ಓದಿದವರು ಬಲ್ಲರು. ಪ್ರಭುದೇವರಿಗೇ ಎದುರು ಮಾತಾಡಿ, ತಿಳಿದಲ್ಲದೆ ಒಪ್ಪದ ಹೆಣ್ಣುಮಗಳು ಆಕೆ. ಆ ಪ್ರಭುವಿನ ಚರಿತ್ರೆಯನ್ನು ಹದಿನೈದನೆಯ ಶತಮಾನದಲ್ಲಿ ‘ಪ್ರಭುಲಿಂಗಲೀಲೆ’ಯಾಗಿ ಹಾಡಿದ ಚಾಮರಸನೂ ಗದಗ ಸೀಮೆಯವನೇ, ಕುಮಾರವ್ಯಾಸನ ಬಂಧು ಎಂದು ಇಲ್ಲಿಯ ಹಿರಿಯರು ಹೇಳುತ್ತ ಬಂದಿದ್ದಾರೆ. ಭಾಮಿನಿಯ ಎರಡು ಮಹಾಕಾವ್ಯಗಳು ಒಂದೇ ಎರೆಯ ಫಸಲು ಎಂದು ನಂಬಲು ನಮಗಂತೂ ಸಂತೋಷವೇ.

ಊರಿನ ಹಳಮೆಯನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. ಶಾಸನಗಳಲ್ಲಿ ಇದು ಕ್ರತುಕ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ವಿದ್ಯೆಯ ಅಗ್ರಹಾರ. ತ್ರಿಕೂಟೇಶ್ವರ, ಸರಸ್ವತಿ ಗುಡಿಗಳು ಆ ವೈಭವದ ಸಾಕ್ಷಿಗಳು. ಹೊಯ್ಸಳ ವೀರಬಲ್ಲಾಳನು 1192ರ ಶಾಸನದಲ್ಲಿ ತ್ರಿಕೂಟೇಶ್ವರನಿಗೆ ದತ್ತಿ ಬಿಟ್ಟಿದ್ದಾನೆ. ಜೊತೆಯ ಬೆಟಗೇರಿ ನೇಕಾರರ ಊರು. ಅಲ್ಲಿಯ ವೀರಗಲ್ಲುಗಳು ಇತಿಹಾಸಕಾರರಿಗೆ ಪರಿಚಿತ. 1858ರಲ್ಲಿ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಇಬ್ಬರೂ ಆಂಗ್ಲರ ವಿರುದ್ಧ ಎದ್ದುನಿಂತದ್ದು ಈ ಸೀಮೆಯಲ್ಲಿಯೇ.

ಗದಗ ಇಂದಿನ ಗದಗವಾದದ್ದು ಹತ್ತಿಯಿಂದ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರದಾದಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಎಲ್ಲಿಯೋ ಸಾವಿರಾರು ಮೈಲು ದೂರದ ಕಾಳಗಕ್ಕೂ ತಮ್ಮ ಹೊಲದ ಬೆಲೆಗೂ ಗಂಟು ಬಿದ್ದಿದೆ ಎಂದು ಇಲ್ಲಿಯ ರೈತ ಆಗಲೇ ಕಂಡುಕೊಂಡನು. ಆ ಗಂಟು ಇನ್ನೂ ಬಿಚ್ಚಿಲ್ಲ. 1876-78ರ ಭೀಕರ ಬರ ಇಡೀ ಸೀಮೆಯನ್ನು ತಿಂದುಹಾಕಿತು. ಅದಾದ ಕೆಲ ವರ್ಷಗಳಲ್ಲೇ, 1884ರ ಸುಮಾರಿಗೆ, ರೈಲು ಬಂದಿತು. ಹುಬ್ಬಳ್ಳಿ, ಬಳ್ಳಾರಿ, ಸೊಲ್ಲಾಪುರಗಳ ಕಡೆಯ ಹಳಿಗಳು ಕೂಡುವ ಜಂಕ್ಷನ್ ಆಗಿ ಗದಗ ಬೆಳೆಯಿತು. ಜಿನ್ನುಗಳೂ ಪ್ರೆಸ್ಸುಗಳೂ ಎದ್ದವು. ಸುಗ್ಗಿಯ ದಿನಗಳಲ್ಲಿ ಹತ್ತಿಯ ಚಕ್ಕಡಿಗಳ ಸಾಲು, ಅಡತಿ ಅಂಗಡಿಗಳ ಗದ್ದಲ, ಗಾಳಿಯಲ್ಲಿ ಹಾರುವ ಅರಳೆಯ ಎಳೆಗಳು. ಹಳೆಯ ಪೇಟೆಯಲ್ಲಿ ಇಂದಿಗೂ ಕಾಣುವ ಸಾಗವಾನಿ ತೊಲೆಗಳ ದೊಡ್ಡ ಮನೆಗಳಿಗೆ ಆ ಹತ್ತಿಯೇ ಬುನಾದಿ.

ಹತ್ತಿ ಬೆಳೆದವನಿಗೆ ಮಾತ್ರ ಅಂಥ ಮನೆ ಆಗಲಿಲ್ಲ. ಬಿತ್ತುವ ಮೊದಲೇ ಸಾಲ, ಕೊಯ್ಯುವ ಮೊದಲೇ ಸಾಲಗಾರನಿಗೆ ಫಸಲು. ಈ ಕುಣಿಕೆಯನ್ನು ಬಿಡಿಸಲು ಮೊದಲು ಕೈಹಾಕಿದವರು ಪೇಟೆಯವರಲ್ಲ, ಗದಗ ತಾಲ್ಲೂಕಿನ ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಕಣಗಿನಹಾಳದ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಆಗ ಅದರ ಬಂಡವಾಳ ಎರಡು ಸಾವಿರ ರೂಪಾಯಿ. ನಾಡಿನ ಸಹಕಾರ ಚಳುವಳಿಯ ಚರಿತ್ರೆ ಇಲ್ಲಿಂದ ಆರಂಭವಾಗುತ್ತದೆ. ಇಡೀ ದೇಶದಲ್ಲಿಯೂ ಅದು ಮೊದಲ ಸಾಲಿನ ಸಂಘ. ಮುಂದಿನ ದಶಕದಲ್ಲಿ ಗದಗ ಪೇಟೆಯಲ್ಲಿ ಹತ್ತಿ ಮಾರಾಟದ ಸಹಕಾರ ಸಂಘವೂ ತಲೆಯೆತ್ತಿತು. ರೈತರು ತಮ್ಮ ಹತ್ತಿಯನ್ನು ಒಟ್ಟಿಗೆ ತಂದು, ತರಗತಿ ಮಾಡಿಸಿ, ಬಹಿರಂಗ ಸವಾಲಿನಲ್ಲಿ ಮಾರುವುದು ಇದರ ರೀತಿ. ಇಂದು ಇದು ಸಾಮಾನ್ಯವೆನಿಸಬಹುದು. ದಲಾಲರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದ ಕಾಲದಲ್ಲಿ ಬೆಲೆಯನ್ನು ಎಲ್ಲರ ಕಿವಿಗೂ ಕೇಳುವಂತೆ ಕೂಗುವುದು ಸಣ್ಣ ಕ್ರಾಂತಿಯಾಗಿರಲಿಲ್ಲ. ನಮ್ಮ ಸಮಾಜದ ಬಹಳಷ್ಟು ಮನೆತನಗಳು ಆ ಪೇಟೆಯ ಎರಡೂ ಬದಿಗೆ ಇದ್ದವು: ಕೆಲವರು ಚಕ್ಕಡಿಯ ಮೇಲೆ, ಕೆಲವರು ಗಾದಿಯ ಮೇಲೆ. ಸಮಾಜದ ಇತಿಹಾಸ ಬರೆಯುವವರು ಗಾದಿಯ ಮೇಲಿನವರ ದಾನಧರ್ಮವನ್ನೇ ಹೆಚ್ಚು ಬರೆದಿದ್ದಾರೆ.

ಆ ದಾನಧರ್ಮವೂ ದೊಡ್ಡದೇ, ಸುಳ್ಳಲ್ಲ. ಅದರ ಅತ್ಯುತ್ತಮ ಫಲ ಶ್ರೀ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನ ಕಂಠವನ್ನು ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು ಗುರುತಿಸಿದರು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳ ಸಂಗೀತ ಶಿಕ್ಷಣ ಕೊಡಿಸಿದರು. ಆತನೇ ಪಂಚಾಕ್ಷರಿ ಗವಾಯಿಗಳು. ಅವರು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ಅಲೆಯುತ್ತ ಸಂಗೀತ ಕಲಿಸಿದರು. ನಡೆದಾಡುವ ಆ ಪಾಠಶಾಲೆಗೆ ಗದಗಿನಲ್ಲಿ ನೆಲೆ ದೊರೆತದ್ದು ಬಸರಿಗಿಡದ ವೀರಪ್ಪನವರ ಔದಾರ್ಯದಿಂದ. ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಆಗ ಹೊಣೆ ಬಿದ್ದದ್ದು ಅವರಂತೆಯೇ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳ ಮೇಲೆ.

ಪುಟ್ಟರಾಜರ ಕಥೆಯನ್ನು ಹೇಳುವವರು ಅವರ ಪಾಂಡಿತ್ಯವನ್ನೂ, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ನಡೆಸಿದ ಗ್ರಂಥರಚನೆಯನ್ನೂ, 2010ರಲ್ಲಿ ಬಂದ ಪದ್ಮಭೂಷಣವನ್ನೂ ತಪ್ಪದೆ ಹೇಳುತ್ತಾರೆ. ನಮಗೆ ಅದಕ್ಕಿಂತ ವಿಶೇಷವೆನಿಸುವುದು ಆಶ್ರಮದ ಅಡಿಗೆಮನೆ. ನೂರಾರು ಮಕ್ಕಳಿಗೆ ದಿನಕ್ಕೆ ಎರಡು ಹೊತ್ತು ರೊಟ್ಟಿ ಎಲ್ಲಿಂದ ಬರಬೇಕು? ಅದಕ್ಕಾಗಿ ಅವರು ನಾಟಕ ಕಂಪನಿ ಕಟ್ಟಿದರು. ಮಠದ ವೇಷದವರು ರಂಗಭೂಮಿ ನಡೆಸುವುದೇ ಎಂದು ಮೂಗು ಮುರಿಯುವವರಿಗೆ ಆ ಹಸಿದ ಮಕ್ಕಳೇ ಉತ್ತರವಾಗಿದ್ದರು. ನಾಟಕಗಳನ್ನು ತಾವೇ ಬರೆದರು, ಪೇಟಿ ತಾವೇ ನುಡಿಸಿದರು. ಹಳ್ಳಿಗಳ ಜನ ಅವರನ್ನು ಕರೆದೊಯ್ದು ತುಲಾಭಾರ ಮಾಡಿದರು. ತೂಕಕ್ಕೆ ಬಂದದ್ದೆಲ್ಲ ಆಶ್ರಮದ ಮಕ್ಕಳ ಹೊಟ್ಟೆಗೆ. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪಂಡಿತ ವೆಂಕಟೇಶಕುಮಾರರು ಪುಟ್ಟರಾಜರ ಶಿಷ್ಯರು. ಇಷ್ಟು ದೊಡ್ಡ ಹೆಸರು ಮಾಡದೆ ಶಾಲೆಗಳಲ್ಲಿ ಸಂಗೀತ ಮಾಸ್ತರರಾಗಿ, ಮಠಗಳಲ್ಲಿ ಪುರಾಣಕ್ಕೆ ತಬಲಾ ಸಾಥಿಗಳಾಗಿ, ಊರೂರ ಕೀರ್ತನಕಾರರಾಗಿ ಬದುಕು ಕಟ್ಟಿಕೊಂಡ ಅಂಧ ಶಿಷ್ಯರು ಬಹುಮಂದಿ. ಶ್ರಾವಣದಲ್ಲಿ ನಮ್ಮ ಊರುಗಳಲ್ಲಿ ನಡೆಯುವ ಪುರಾಣಕ್ಕೆ ಪೇಟಿ ಹಿಡಿದು ಕುಳಿತವರನ್ನು ಒಮ್ಮೆ ವಿಚಾರಿಸಿ ನೋಡಿರಿ. ಗದಗಿನ ಅಜ್ಜನವರ ಹೆಸರು ಎತ್ತಿ ಕೈಮುಗಿಯುವವರು ಅಲ್ಲಿಯೂ ಸಿಕ್ಕಾರು. 2010ರ ಸಪ್ಟೆಂಬರ್ 17ರಂದು ಅಜ್ಜನವರು ಲಿಂಗೈಕ್ಯರಾದಾಗ ಇಡೀ ಗದಗ ಬೀದಿಗೆ ಬಂದಿತ್ತು.

ಇನ್ನು ಶ್ರೀ ತೋಂಟದಾರ್ಯ ಮಠ. ಎಡೆಯೂರ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯ ಈ ವಿರಕ್ತ ಪೀಠಕ್ಕೆ ದಂಬಳ ಮತ್ತು ಗದಗ ಎರಡೂ ನೆಲೆಗಳು. 1974ರಲ್ಲಿ ಪೀಠವೇರಿದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳಿಗೆ ಆಗ ಇಪ್ಪತ್ತೈದರ ಪ್ರಾಯ. ಅವರು ಅಡ್ಡಪಲ್ಲಕ್ಕಿಯನ್ನು ಬಿಟ್ಟರು. ಪ್ರತಿ ಸೋಮವಾರ ಶಿವಾನುಭವ ಆರಂಭಿಸಿ, ಅಲ್ಲಿಗೆ ಸ್ವಾಮಿಗಳನ್ನಷ್ಟೇ ಅಲ್ಲ, ಸಾಹಿತಿಗಳು, ವೈದ್ಯರು, ರೈತರು, ಅನ್ಯಮತದ ವಿದ್ವಾಂಸರು ಎಲ್ಲರನ್ನೂ ಕರೆಸಿದರು. ಡಾ. ಎಂ. ಎಂ. ಕಲಬುರ್ಗಿಯವರಂಥ ಸಂಶೋಧಕರ ಒಡನಾಟದಲ್ಲಿ ಮಠದ ಅಧ್ಯಯನ ಸಂಸ್ಥೆಯಿಂದ ನೂರಾರು ಗ್ರಂಥಗಳು ಹೊರಬಂದವು. ಮುದ್ರಣಾಲಯಗಳ ಊರೆಂದೇ ಹೆಸರಾದ ಗದಗಕ್ಕೆ ಇದು ಒಪ್ಪುವ ಕೆಲಸವೇ. ಗೋಕಾಕ ಚಳುವಳಿಯಲ್ಲಿ ಕನ್ನಡದ ಪರವಾಗಿ ನಿಂತ ಅವರನ್ನು ಜನ ‘ಕನ್ನಡದ ಜಗದ್ಗುರು’ ಎಂದರು. 2001ರ ರಾಷ್ಟ್ರೀಯ ಕೋಮುಸೌಹಾರ್ದ ಪ್ರಶಸ್ತಿ ಅವರಿಗೆ ಸಂದಿತು. ಚೈತ್ರದ ಜಾತ್ರೆಯ ಸಮಿತಿಯನ್ನು ಅನ್ಯ ಸಮಾಜಗಳವರೂ ಮುನ್ನಡೆಸುವ ರೂಢಿ ಅವರ ಕಾಲದ್ದು. ಹೆಣ್ಣುಮಕ್ಕಳು ಬೆಳಿಗ್ಗೆ ರೊಟ್ಟಿ ಬಡಿದು, ಸಂಜೆ ಶಿವಾನುಭವಕ್ಕೆ ಬಂದು, ಪುಸ್ತಕ ಹಿಡಿದು ಮನೆಗೆ ಹೋಗುವ ಪದ್ಧತಿ ಅಲ್ಲಿ ಬೆಳೆಯಿತು.

ಪುಸ್ತಕ ಅಚ್ಚು ಹಾಕಿಸುವ ಮಠಗಳು ಬೇರೆಯೂ ಇವೆ. ಹೊಲ ಹೋಗುವ ಹೊತ್ತಿಗೆ ಮಠ ಏನು ಮಾಡಬೇಕು ಎಂಬ ಪ್ರಶ್ನೆ ಗದಗಕ್ಕೆ ನಿಜವಾಗಿ ಎದುರಾದದ್ದು 2010ರಲ್ಲಿ. ದಕ್ಷಿಣ ಕೊರಿಯದ ಪೋಸ್ಕೊ ಕಂಪನಿ ಆ ವರ್ಷ ರಾಜ್ಯ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತ ಮೂರು ಸಾವಿರ ಎಕರೆಗೂ ಮೀರಿದ ಭೂಮಿಯಲ್ಲಿ, ಸುಮಾರು 32,000 ಕೋಟಿ ರೂಪಾಯಿ ವೆಚ್ಚದ ಉಕ್ಕಿನ ಕಾರ್ಖಾನೆ ಏಳಬೇಕಿತ್ತು. ಇಷ್ಟು ದೊಡ್ಡ ಅಂಕಿಯನ್ನು ಈ ಸೀಮೆ ಅದಕ್ಕೆ ಮೊದಲು ಕೇಳಿರಲಿಲ್ಲ. ಆಸೆ ಹುಟ್ಟುವುದು ಸಹಜವಾಗಿತ್ತು. ಮಳೆಯನ್ನೇ ನೆಚ್ಚಿದ ಎರೆಯಲ್ಲಿ ಮೂರು ವರ್ಷಕ್ಕೊಮ್ಮೆ ಕೈಕೊಡುವ ಬೆಳೆ. ಉಳ್ಳಾಗಡ್ಡಿಯ ಬೆಲೆ ಬಿದ್ದರೆ ಕೀಳುವ ಕೂಲಿಯೂ ಹುಟ್ಟದ ವ್ಯವಸಾಯ. ಕಲಿತ ಮಕ್ಕಳೆಲ್ಲ ಬೆಂಗಳೂರು, ಪುಣೆಗಳ ದಾರಿ ಹಿಡಿದ ಮನೆಗಳು. ಎಕರೆಗೆ ಇಷ್ಟು ಲಕ್ಷ, ಮನೆಗೊಂದು ನೌಕರಿ ಎಂದರೆ ಯಾರ ಮನಸ್ಸು ಅಲುಗುವುದಿಲ್ಲ? ಭೂಮಿ ಮಾರುವ ರೈತನನ್ನು ಪಟ್ಟಣದಲ್ಲಿ ಕುಳಿತು ನಿಂದಿಸುವುದು ಸುಲಭ. ನಾವು ಆ ಕೆಲಸಕ್ಕೆ ಹೋಗುವುದಿಲ್ಲ.

ಆದರೆ ಕೊಡುವುದಿಲ್ಲ ಎಂದ ರೈತರೂ ಅಲ್ಲಿದ್ದರು, ಅವರ ಸಂಖ್ಯೆ ಕಡಿಮೆಯಿರಲಿಲ್ಲ. ಅವರ ಪಕ್ಕಕ್ಕೆ ಸಿದ್ಧಲಿಂಗ ಸ್ವಾಮಿಗಳು ಬಂದು ನಿಂತರು. ಫಲವತ್ತಾದ ಭೂಮಿಯನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಪಡೆಯಲಾಗದು, ಕೈಗಾರಿಕೆಯನ್ನು ಬೇರೆಲ್ಲಿಯಾದರೂ ಕಟ್ಟಬಹುದು ಎಂಬುದು ಅವರ ನಿಲುವು. ಸರ್ಕಾರದ ಅನುದಾನವನ್ನು ನೆಚ್ಚಿದ ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಯಾವುದೇ ಮಠಕ್ಕೆ ಸರ್ಕಾರದ ಎದುರು ಹೀಗೆ ನಿಲ್ಲುವುದು ಸಲೀಸಲ್ಲವೆಂದು ಮಠಗಳ ಒಳಹೊರಗನ್ನು ಬಲ್ಲ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಹಳ್ಳಿಗುಡಿಯ ಹೊಲಗಳು ಹೊಲಗಳಾಗಿಯೇ ಉಳಿದವು.

ಎರಡನೆಯ ಪರೀಕ್ಷೆ ಕಪ್ಪತಗುಡ್ಡದ್ದು. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿದ ಈ ಗುಡ್ಡಸಾಲು ಬಯಲಿಗೆ ಏಕಮಾತ್ರ ಹಸಿರು. ಔಷಧಿ ಸಸ್ಯಗಳ ಆಗರವೆಂದು ಮೊದಲಿನಿಂದಲೂ ಪ್ರಸಿದ್ಧ. ಒಡಲಲ್ಲಿ ಕಬ್ಬಿಣ, ಮ್ಯಾಂಗನೀಸ್, ಬಂಗಾರದ ಅದಿರೂ ಇರುವುದು ಅದರ ದುರ್ದೈವ. 2015ರಲ್ಲಿ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರ್ಕಾರ 2016ರಲ್ಲಿ ಆ ಘೋಷಣೆಯನ್ನು ಹಿಂತೆಗೆದುಕೊಂಡಿತು. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಧರಣಿ ನಡೆಯಿತು. ತೋಂಟದ ಶ್ರೀಗಳು ಮುಂದಾಳುತ್ವ ವಹಿಸಿದರು. ಗುಡ್ಡದ ಮಡಿಲಲ್ಲೇ ಇರುವ ನಂದಿವೇರಿ ಮಠದ ಶ್ರೀಗಳು ಮೊದಲಿನಿಂದಲೂ ಈ ಕಾರ್ಯದಲ್ಲಿ ತೊಡಗಿದವರು. ಆ ವರ್ಷದ ಏಪ್ರಿಲ್‌ನಲ್ಲಿ ಮೀಸಲು ಘೋಷಣೆ ಮರಳಿ ಬಂದಿತು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಇದಕ್ಕೆ ಏಳು ತಿಂಗಳು ಮೊದಲೇ, 2018ರ ಅಕ್ಟೋಬರ್ 20ರಂದು, ಶ್ರೀಗಳು ಲಿಂಗೈಕ್ಯರಾಗಿದ್ದರು. ಅವರ ನಂತರ ನಾಗನೂರು ರುದ್ರಾಕ್ಷಿಮಠದಿಂದ ಬಂದ ಡಾ. ಸಿದ್ಧರಾಮ ಸ್ವಾಮಿಗಳು ಪೀಠವೇರಿದರು.

ಈ ಎರಡು ಗೆಲುವುಗಳಿಂದ ಎಲ್ಲವೂ ನೆಟ್ಟಗಾಯಿತೆಂದು ಬರೆದರೆ ಓದುಗರನ್ನು ವಂಚಿಸಿದಂತೆ. ಕಂಪನಿಗೆ ಹೋಗದ ಹೊಲ ನಿವೇಶನಕ್ಕೆ ಹೋಗುತ್ತಿದೆ. 1997ರಲ್ಲಿ ಗದಗ ಜಿಲ್ಲಾ ಕೇಂದ್ರವಾದಂದಿನಿಂದ ಊರು ನಾಲ್ಕೂ ಕಡೆಗೆ ಚಾಚಿದೆ. ಜೋಳ ನಿಲ್ಲುತ್ತಿದ್ದಲ್ಲಿ ಗೂಟ ಹೊಡೆದ ಕಲ್ಲುಗಳು ನಿಂತಿವೆ. ಇಷ್ಟು ಜನಕ್ಕೆ ತುಂಗಭದ್ರೆಯಿಂದ ತರುವ ನೀರು ಸಾಲದೆ, ನಳಕ್ಕಾಗಿ ವಾರಗಟ್ಟಲೆ ಕಾದ ವರ್ಷಗಳನ್ನು ಗದಗಿನ ಗೃಹಿಣಿಯರು ಮರೆತಿಲ್ಲ. ದೇಸಿ ಹತ್ತಿಯ ಜಯಧರ ತಳಿ ಈಗ ಹುಡುಕಿದಲ್ಲಿ ಮಾತ್ರ ಕಾಣುತ್ತದೆ. ಎಷ್ಟೋ ಜಿನ್ನುಗಳ ಬಾಗಿಲು ಮುಚ್ಚಿದೆ. ಎತ್ತುಗಳು ಕಡಿಮೆಯಾದಂತೆ ಕಾರಹುಣ್ಣಿಮೆಯ ಕರಿ ಹರಿಯುವ ಸಡಗರವೂ ತಗ್ಗಿದೆ. ಹಗೇವುಗಳ ಮೇಲೆ ಈಗ ಸಿಮೆಂಟಿನ ಗಚ್ಚು. ಭೀಷ್ಮ ಕೆರೆಯಲ್ಲಿ 116 ಅಡಿಯ ಬಸವೇಶ್ವರರ ಮೂರ್ತಿ ಎದ್ದಿದೆ; ಸಂಜೆ ಅಲ್ಲಿಗೆ ಬಂದು ಕೂಡುವ ಕುಟುಂಬಗಳನ್ನು ಕಂಡಾಗ ಸಂತೋಷವಾಗುತ್ತದೆ. ಆ ಕುಟುಂಬಗಳಲ್ಲಿ ಹೊಲದ ಗುರುತು ಹೇಳಬಲ್ಲ ಮಕ್ಕಳೆಷ್ಟು ಎಂಬ ಯೋಚನೆಯೂ ಒಡನೆಯೇ ಬರುತ್ತದೆ.

ಒಂದು ಹಬ್ಬ ಮಾತ್ರ ಇನ್ನೂ ಬಲವಾಗಿದೆ. ಎಳ್ಳಮಾವಾಸ್ಯೆಯಂದು ಪಟ್ಟಣದಲ್ಲಿ ನೆಲೆಸಿದವರೂ ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಹೋಳಿಗೆಗಳನ್ನು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಪೂಜೆ, ಸುತ್ತಲೂ ಚರಗ. ಆಮೇಲೆ ಜೋಳದ ಪೈರಿನ ನಡುವೆ ಪಂಕ್ತಿ. ಸ್ವಂತ ಹೊಲ ಉಳಿಯದವರು ಬೀಗರ ಹೊಲಕ್ಕೋ ಗೆಳೆಯರ ಹೊಲಕ್ಕೋ ಹೋಗುತ್ತಾರೆ; ಅವರಿಗೂ ಅಲ್ಲಿ ಎಲೆ ಹಾಕುತ್ತಾರೆ.

ಮತ್ತೊಂದು, ದಂಬಳದ ರೊಟ್ಟಿ ಜಾತ್ರೆ. ಗದಗಿನಿಂದ ಸುಮಾರು 20 ಕಿಲೋಮೀಟರ್ ದೂರದ ದಂಬಳ ಒಂದು ಕಾಲಕ್ಕೆ ಬೌದ್ಧರ ನೆಲೆ; 1095ರ ಶಾಸನ ಅಲ್ಲಿಯ ತಾರಾದೇವಿಯ ವಿಹಾರವನ್ನು ಹೇಳುತ್ತದೆ. ನಕ್ಷತ್ರಾಕಾರದ ದೊಡ್ಡಬಸಪ್ಪನ ಗುಡಿಯೂ ಅಲ್ಲಿದೆ. ಹಿಂಗಾರಿ ಜೋಳ ಕೈಗೆ ಬರುವ ದಿನಗಳಲ್ಲಿ ಅಲ್ಲಿ ತೋಂಟದಾರ್ಯ ಮಠದ ತೇರು ಎಳೆದ ಮೇಲೆ ರೊಟ್ಟಿ ಜಾತ್ರೆ ಕೂಡುತ್ತದೆ. ಜಾತಿಮತ ಎನ್ನದೆ ಸುತ್ತಲಿನ ಮನೆಗಳಲ್ಲಿ ತೆಳ್ಳಗೆ ಬಡಿದ ಖಡಕ್ ರೊಟ್ಟಿಗಳು ಮಠಕ್ಕೆ ಬಂದು ಸೇರುತ್ತವೆ. ಯಾರ ಮನೆಯ ರೊಟ್ಟಿ ಯಾರ ತಾಟಿಗೆ ಬಂತೆಂದು ಹೇಳಲು ಯಾರಿಗೂ ಬರುವುದಿಲ್ಲ. ಜೊತೆಗೆ ಪಲ್ಯ, ಚಟ್ನಿಪುಡಿ, ಮುಖ್ಯವಾಗಿ ಕರಿಂಡಿ: ಹಸಿ ತರಕಾರಿ, ಮೆಣಸಿನಕಾಯಿ, ಅಗಸಿ ಪುಡಿ ಕಲಸಿ ದಿನಗಟ್ಟಲೆ ಹುಳಿ ಬರಿಸಿದ್ದು. ಮೊದಲ ಸಲ ತಿನ್ನುವವರ ಕಣ್ಣಲ್ಲಿ ನೀರು ಬಂದೀತು. ಎರಡನೆಯ ರೊಟ್ಟಿಗೆ ಅವರೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಜಾತ್ರೆ ಸಾಮಾನ್ಯವಾಗಿ ಫೆಬ್ರವರಿಯ ಸುಮಾರಿಗೆ ಬರುತ್ತದೆ. ಹುಬ್ಬಳ್ಳಿಯ ಕಡೆಯಿಂದ ಬರುವ ಕುಟುಂಬಗಳು ಬೆಳಗಿನ ರೈಲಿಗೆ ಗದಗಿನಲ್ಲಿ ಇಳಿದರೆ, ತ್ರಿಕೂಟೇಶ್ವರನನ್ನೂ ಪುಣ್ಯಾಶ್ರಮದ ಗದ್ದುಗೆಯನ್ನೂ ದರ್ಶನ ಮಾಡಿಕೊಂಡು ಮಧ್ಯಾಹ್ನದ ಪಂಕ್ತಿಯ ಹೊತ್ತಿಗೆ ದಂಬಳ ಸೇರಬಹುದು. ಹೋಗುವವರು ಮನೆಯಲ್ಲಿ ಬಡಿದ ನಾಲ್ಕು ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಲಿ.